ಲ್ಯಾಬ್ ಯಂತ್ರಗಳ ಸರ್ವಿಸ್ ಖರ್ಚು ಇಳಿಸೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎಚ್‌ಪಿಎಲ್‌ಸಿ (ದ್ರವದಲ್ಲಿ ಬೆರೆತದ್ದನ್ನು ಬೇರ್ಪಡಿಸಿ ಅಳೆಯುವುದು), ಜಿಸಿ (ಅದನ್ನೇ ಗ್ಯಾಸ್ ಹರಿಸಿ ಮಾಡುವುದು), ಯುವಿ (ಸ್ಯಾಂಪಲ್ ಎಷ್ಟು ಬೆಳಕು ಹೀರುತ್ತದೆ ಅಂತ ನೋಡುವುದು), ಎಎಎಸ್ (ಲೋಹ ಅಳೆಯುವುದು), ಎಫ್‌ಟಿಐಆರ್ (ಇನ್‌ಫ್ರಾರೆಡ್ ಬೆಳಕಿನಲ್ಲಿ ವಸ್ತು ಗುರುತಿಸುವುದು), ಪಿಎಚ್ ಮೀಟರ್, ಬ್ಯಾಲೆನ್ಸ್ (ತೂಕದ ಯಂತ್ರ). ಇವುಗಳ ಮುಂದೆ ದಿನವಿಡೀ ನಿಲ್ಲುವವರಿಗಾಗಿ ಇದನ್ನು ಬರೆದಿದ್ದೇನೆ. ಸಣ್ಣ ಫಾರ್ಮಾ ಕಂಪನಿಯ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಲ್ಯಾಬು, ಕಾಲೇಜಿನ ಕೆಮಿಸ್ಟ್ರಿ ವಿಭಾಗ, ನೀರು-ಮಣ್ಣು ಪರೀಕ್ಷೆ ಮಾಡುವ ಲ್ಯಾಬು, ಈ ಮೂರು ಕಡೆಯವರೇ ಜಾಸ್ತಿ ಕೇಳುತ್ತಾರೆ. ಪ್ರಶ್ನೆ ಬೇರೆ ಬೇರೆ ಇದ್ದರೂ ಸಂಕಟ ಒಂದೇ: ಬಿಲ್ಲು.

ಖರ್ಚು ಇಳಿಸಬೇಕು ಅಂತ ಮ್ಯಾನೇಜ್‌ಮೆಂಟ್ ಹೇಳಿದೆ. ಎಲ್ಲಿಂದ ಶುರು ಮಾಡಲಿ?

ಕೊಟೇಶನ್ ಹಿಡಿದು ಚೌಕಾಸಿಗೆ ಕೂರಬೇಡಿ, ಅದು ಆಮೇಲೆ. ಮೊದಲು ಕಳೆದ ಎರಡು ವರ್ಷದ ಸರ್ವಿಸ್ ರಿಪೋರ್ಟುಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಹರಡಿ. ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಮೂರರಲ್ಲಿ ಒಂದು ಮಾತು ಬರೆಯಿರಿ: ಸವೆದದ್ದು, ನಾವೇ ಕೆಡಿಸಿದ್ದು, ಯಂತ್ರವೇ ಕೆಟ್ಟಿದ್ದು. ಬರೆಯುವಾಗ ಸುಳ್ಳು ಹೇಳಬೇಡಿ, ಯಾರೂ ನೋಡುವುದಿಲ್ಲ.

ನಾನು ಇದನ್ನು ಮಾಡಿದಾಗಲೆಲ್ಲ ಎರಡನೇ ಗುಂಪೇ ದಪ್ಪ ಬಂದಿದೆ. ಉಪ್ಪು ಕಟ್ಟಿದ ಪಂಪು, ಅಂಟಿಕೊಂಡ ಚೆಕ್ ವಾಲ್ವು (ದ್ರವವನ್ನು ಒಂದೇ ದಿಕ್ಕಿಗೆ ಬಿಡುವ ಪಾರ್ಟು), ಒಣಗಿದ ಎಲೆಕ್ಟ್ರೋಡು, ಕಟ್ಟಿಕೊಂಡ ನೆಬ್ಯುಲೈಸರ್ (ಎಎಎಸ್‌ನಲ್ಲಿ ಸ್ಯಾಂಪಲ್ ಸಿಂಪಡಿಸುವ ಪಾರ್ಟು). ಇವು ಯಾವುದಕ್ಕೂ ಎಂಜಿನಿಯರ್ ಬರಬೇಕಾಗಿರಲಿಲ್ಲ. ಸಂಜೆ ಮನೆಗೆ ಹೊರಡುವ ಮುಂಚಿನ ಒಂದು ಗಂಟೆಯಲ್ಲಿ ತಪ್ಪಿಸಬಹುದಿತ್ತು. ಆದರೆ ಆ ಹೊತ್ತಿಗೆ ಕಂಪನಿ ಬಸ್ಸು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿರುತ್ತದೆ, ಅಲ್ವಾ?

ನಮ್ಮ ಎಚ್‌ಪಿಎಲ್‌ಸಿಯಲ್ಲಿ ಪಂಪ್ ಸೀಲ್ ಮೂರು ತಿಂಗಳಿಗೊಮ್ಮೆ ಹೋಗುತ್ತಿದೆ. ಡೂಪ್ಲಿಕೇಟ್ ಸೀಲ್ ಹಾಕುತ್ತಿದ್ದಾರಾ?

ಇರಬಹುದು. ಆದರೆ ಅದಕ್ಕೂ ಮೊದಲು ಪಂಪ್ ಹೆಡ್ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಬೋರ್‌ವೆಲ್ ನೀರಿನ ನಲ್ಲಿ ಮೂತಿಗೆ ಕಟ್ಟಿಕೊಳ್ಳುತ್ತದಲ್ಲ ಬಿಳಿ ಪುಡಿ, ಅಂಥದ್ದು ಕಂಡರೆ ಸೀಲ್ ತಪ್ಪಲ್ಲ. ಅದು ನಿಮ್ಮ ಫಾಸ್ಫೇಟ್ ಬಫರ್, ಅಂದರೆ ಪಿಎಚ್ ಅಲುಗಾಡದಿರಲಿ ಅಂತ ಹಾಕುವ ಉಪ್ಪಿನ ದ್ರಾವಣ. ಪಂಪ್ ನಿಲ್ಲಿಸಿದಾಗ ಪ್ಲಂಜರ್ (ದ್ರವ ತಳ್ಳುವ ಕಡ್ಡಿ) ಮೇಲೆ ಉಳಿದ ತೆಳು ಪದರ ರಾತ್ರಿಯಲ್ಲಿ ಒಣಗುತ್ತದೆ, ಹರಳಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಪ್ಲಂಜರ್ ಆ ಹರಳನ್ನು ಹೊತ್ತುಕೊಂಡು ಸೀಲಿನ ಒಳಗೆ ಹಿಂದೆ ಮುಂದೆ ಓಡಾಡುತ್ತದೆ. ಮೆತ್ತನೆಯ ಸೀಲಿಗೆ ಅದು ಮರಳು ಕಾಗದ. ಕೆಲವು ಸಲ ಪ್ಲಂಜರ್ ಮೇಲೂ ಗೀರು ಬೀಳುತ್ತದೆ, ಆಮೇಲೆ ಎಷ್ಟು ಹೊಸ ಸೀಲ್ ಹಾಕಿದರೂ ನಿಲ್ಲುವುದಿಲ್ಲ. ಆಗ ಬಿಲ್ಲು ನಿಜವಾಗಿ ಏರುತ್ತದೆ.

ಸಂಜೆ ಮಾಡಬೇಕಾದ್ದು ಇಷ್ಟೇ. ಬಫರ್ ಬಾಟಲಿಯಿಂದ ಲೈನ್ ತೆಗೆದು, ನೀರಿಗೆ 10 ಪರ್ಸೆಂಟ್ ಮೆಥನಾಲ್ ಸೇರಿಸಿದ ಬಾಟಲಿಗೆ ಹಾಕಿ. ನಿಮಿಷಕ್ಕೆ 1 ಮಿಲಿ ಹರಿವಿನಲ್ಲಿ ಅರ್ಧ ಗಂಟೆ ಓಡಿಸಿ. ಉಪ್ಪು ಹೋದ ಮೇಲೆ ಮೆಥನಾಲ್ ಅಥವಾ ಅಸಿಟೋನೈಟ್ರೈಲ್ ಜಾಸ್ತಿ ಮಾಡಿ ಇನ್ನೊಂದು 20-30 ನಿಮಿಷ ಬಿಟ್ಟು ನಿಲ್ಲಿಸಿ. ಬಫರ್‌ನಿಂದ ಸೀದಾ ಅಸಿಟೋನೈಟ್ರೈಲ್‌ಗೆ ಹಾರಬೇಡಿ. ಫಾಸ್ಫೇಟ್ ಅದರಲ್ಲಿ ಕರಗುವುದಿಲ್ಲ, ಪಂಪಿನೊಳಗೇ ಉದುರಿ ಕೂರುತ್ತದೆ. ಬರೀ ನೀರೂ ಬೇಡ, ಎಷ್ಟೋ ಸಿ18 ಕಾಲಂಗಳಿಗೆ (ಸ್ಯಾಂಪಲ್ಲನ್ನು ಬೇರ್ಪಡಿಸುವ ಕೊಳವೆಗಳಿಗೆ) ನೂರಕ್ಕೆ ನೂರು ನೀರು ಆಗಿಬರುವುದಿಲ್ಲ. ನಿಮ್ಮ ಯಂತ್ರದಲ್ಲಿ ಸೀಲ್ ವಾಶ್, ಅಂದರೆ ಸೀಲಿನ ಹಿಂಬದಿ ತೊಳೆಯುವ ಸೌಲಭ್ಯ ಇದ್ದರೆ ನೀರಿಗೆ 10 ಪರ್ಸೆಂಟ್ ಐಸೊಪ್ರೊಪನಾಲ್ ಹಾಕಿ ಆ ಬಾಟಲಿಯನ್ನು ಯಾವಾಗಲೂ ತುಂಬಿಡಿ. ಎಷ್ಟೋ ಲ್ಯಾಬುಗಳಲ್ಲಿ ಆ ಪುಟ್ಟ ಬಾಟಲಿ ಇನ್‌ಸ್ಟಾಲೇಶನ್ ದಿನ ತುಂಬಿದ್ದು, ಆಮೇಲೆ ಯಾರೂ ಅದರ ಕಡೆ ತಿರುಗಿ ನೋಡಿಲ್ಲ.

ಇನ್ನು ಬಫರ್. 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಆದಷ್ಟು ಆಯಾ ದಿನದ್ದನ್ನೇ ಬಳಸಿ. ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ಹೆಪ್ಪು ಹಾಕಿದ ಹಾಗೆ ಆಗುತ್ತದೆ: ನಿನ್ನೆಯ ಬ್ಯಾಕ್ಟೀರಿಯಾ ಇವತ್ತಿನ ಬಾಟಲಿಯಲ್ಲಿ ಬೆಳೆಯುತ್ತದೆ, ಅಲ್ಲಿಂದ ಫ್ರಿಟ್ (ಸೋಸುವ ಬಿಲ್ಲೆ), ಚೆಕ್ ವಾಲ್ವ್, ಕಾಲಂ ತನಕ ಪ್ರಯಾಣ ಮಾಡುತ್ತದೆ.

ಪ್ರೆಷರ್ ಏರುತ್ತೆ ಇಳಿಯುತ್ತೆ. ಚೆಕ್ ವಾಲ್ವ್ ಬದಲಿಸಬೇಕು ಅಂದಿದ್ದಾರೆ.

ಬದಲಿಸುವ ಮೊದಲು ಡೀಗ್ಯಾಸ್ ಮಾಡಿದ (ಗಾಳಿ ತೆಗೆದ) ಮೊಬೈಲ್ ಫೇಸ್, ಅಂದರೆ ಪಂಪ್ ಹರಿಸುವ ದ್ರವ ಹಾಕಿ ಚೆನ್ನಾಗಿ ಪರ್ಜ್ ಮಾಡಿ (ಜೋರಾಗಿ ಹರಿಯಬಿಡಿ), ಅರ್ಧಕ್ಕರ್ಧ ದೂರು ಗಾಳಿ ಗುಳ್ಳೆಯದ್ದೇ. ಹೋಗದಿದ್ದರೆ ವಾಲ್ವ್ ಬಿಚ್ಚಿ ಬೀಕರ್‌ನಲ್ಲಿ ಐಸೊಪ್ರೊಪನಾಲ್ ಹಾಕಿ 10-15 ನಿಮಿಷ ಸೋನಿಕೇಟ್ ಮಾಡಿ (ಅಲ್ಟ್ರಾಸೋನಿಕ್ ಬಾತ್‌ನಲ್ಲಿಡಿ). ತೆಗೆಯುವಾಗ ಯಾವುದು ಮೇಲ್ಮುಖ ಅಂತ ಫೋಟೊ ಹೊಡೆದಿಡಿ. ತಲೆಕೆಳಗಾಗಿ ಹಾಕಿ, ಪಂಪೇ ಹೋಯಿತು ಅಂತ ಎಂಜಿನಿಯರ್‌ನ ಕರೆಸಿದವರಲ್ಲಿ ನಾನೂ ಒಬ್ಬ.

ಗಾರ್ಡ್ ಕಾಲಂ ಸುಮ್ನೆ ದುಡ್ಡು ದಂಡ ಅಲ್ವಾ?

ಮುಖ್ಯ ಕಾಲಂ ಕಾಯಲು ಅದರ ಮುಂದೆ ಕೂರಿಸುವ ಪುಟ್ಟ ಕಾಲಂ ಅದು. ಗಾರ್ಡ್ ಕಾರ್ಟ್ರಿಜ್ ಬೆಲೆ, ಮುಖ್ಯ ಕಾಲಂ ಬೆಲೆ ಪಕ್ಕಪಕ್ಕ ಬರೆದು ನೋಡಿ. ಗಿಡಮೂಲಿಕೆ ಸಾರ, ಆಹಾರ, ರಕ್ತದ ಸ್ಯಾಂಪಲ್ ಹಾಕುವವರಿಗೆ ಬೇಕೇ ಬೇಕು. ಶುದ್ಧ ಎಪಿಐ (ಔಷಧದ ಮೂಲವಸ್ತು) ಮಾತ್ರ ಓಡಿಸುವವರು, ಸ್ಯಾಂಪಲ್ಲನ್ನು ಸಿರಿಂಜ್ ಫಿಲ್ಟರ್‌ನಲ್ಲಿ ಸೋಸುವ ಅಭ್ಯಾಸ ಇದ್ದರೆ, ಇಲ್ಲದೆಯೂ ನಡೆಸಬಹುದು.

ನೀರಿನಿಂದ ಅಷ್ಟೊಂದು ತೊಂದರೆ ಆಗುತ್ತಾ?

ಆಗುತ್ತೆ. ಬೆಂಗಳೂರಿನ ಸುತ್ತಮುತ್ತ ಕೈಗಾರಿಕಾ ಪ್ರದೇಶಗಳಲ್ಲಿ ಎಷ್ಟೋ ಕಡೆ ಬೋರ್‌ವೆಲ್ ಇಲ್ಲವೇ ಟ್ಯಾಂಕರ್ ನೀರು. ಎರಡೂ ಗಡುಸು. ಅದನ್ನು ನೇರವಾಗಿ ಗ್ಲಾಸ್ ಸ್ಟಿಲ್‌ಗೆ (ನೀರು ಬಟ್ಟಿ ಇಳಿಸುವ ಯಂತ್ರಕ್ಕೆ) ಬಿಟ್ಟರೆ ಹೀಟರ್ ಮೇಲೆ ಸುಣ್ಣ ಕಟ್ಟಿ, ಬಿಸಿ ನೀರಿಗೆ ದಾಟದೆ, ಒಂದು ದಿನ ಹೀಟರ್ ಸುಟ್ಟು ಹೋಗುತ್ತದೆ. ಶುದ್ಧ ನೀರಿನ ಯಂತ್ರಕ್ಕೆ ಬಿಟ್ಟರೆ ಆರ್‌ಒ ಮೆಂಬ್ರೇನು, ಕಾರ್ಟ್ರಿಜ್ಜು ಬೇಗ ಮುಗಿಯುತ್ತವೆ. ಮುಂದೆ ಒಂದು ಸಾಫ್ಟ್‌ನರ್ ಇಡಿ, ಅದಕ್ಕೆ ಉಪ್ಪು ಹಾಕುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ಸಾಫ್ಟ್‌ನರ್ ಇದ್ದೂ ಉಪ್ಪು ಹಾಕದಿದ್ದರೆ ಅದು ಬರೀ ಒಂದು ಪೈಪು.

ಇನ್ನೊಂದು ಉಳಿತಾಯ: ಎಲ್ಲದಕ್ಕೂ 18.2 ಮೆಗಾಓಮ್‌ನ ಅತಿಶುದ್ಧ ನೀರು ಬೇಕಿಲ್ಲ. ಎಚ್‌ಪಿಎಲ್‌ಸಿಗೆ, ಲೋಹಗಳ ಪರೀಕ್ಷೆಗೆ ಬೇಕು. ಗಾಜು ತೊಳೆಯಲು ಆರ್‌ಒ ನೀರು ಸಾಕು, ಕೊನೆಯ ಒಂದು ಸಲಕ್ಕೆ ಒಳ್ಳೆಯ ನೀರು.

ಯುಪಿಎಸ್ ಇದೆ. ಆದರೂ ಬೋರ್ಡ್ ಸುಡುತ್ತಿದೆ, ಬೇಸ್‌ಲೈನ್ ಕುಣಿಯುತ್ತಿದೆ. ಯಾಕೆ?

ಬೇಸ್‌ಲೈನ್ ಅಂದರೆ ಸ್ಯಾಂಪಲ್ ಇಲ್ಲದಾಗ ನೆಟ್ಟಗೆ ಇರಬೇಕಾದ ಗೆರೆ. ಅದು ಕುಣಿದರೆ ಅರ್ಥಿಂಗ್ ನೋಡಿ. ಯುಪಿಎಸ್‌ಗೆ ಲಕ್ಷ ಸುರಿದವರು ಅರ್ಥ್ ಪಿಟ್ ಎಲ್ಲಿದೆ ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ.

ನಮ್ಮಲ್ಲೇ ಆದದ್ದು ಹೇಳುತ್ತೇನೆ. ಒಂದು ಏಪ್ರಿಲ್‌ನಲ್ಲಿ ಯುವಿ ಡಿಟೆಕ್ಟರ್ ಬೇಸ್‌ಲೈನ್ ಮೇಲೆ ಸೂಜಿ ಚುಚ್ಚಿದ ಹಾಗೆ ಸ್ಪೈಕ್ ಬರತೊಡಗಿತು. ಎಂಜಿನಿಯರ್ ಎರಡು ಸಲ ಬಂದ. ಮೊದಲ ಸಲ ಲ್ಯಾಂಪ್ ಬದಲಾಯಿತು, ಎರಡನೇ ಸಲ ಫ್ಲೋ ಸೆಲ್ ತೊಳೆದ. ಎರಡಕ್ಕೂ ಬಿಲ್ಲು. ಸ್ಪೈಕ್ ಹಾಗೇ ಇತ್ತು. ಕೊನೆಗೆ ನಮ್ಮ ಎಲೆಕ್ಟ್ರಿಷಿಯನ್ ಮೀಟರ್ ತಂದು ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಹಿಡಿದ. 9 ವೋಲ್ಟ್! ಕಟ್ಟಡದ ಹಿಂದೆ ಹೋಗಿ ನೋಡಿದರೆ ಅರ್ಥ್ ಪಿಟ್ ಬಿರುಕು ಬಿಟ್ಟಿತ್ತು, ಮಳೆ ಬಂದು ಐದು ತಿಂಗಳಾಗಿತ್ತು. ನಾಲ್ಕು ಬಿಂದಿಗೆ ನೀರು ಸುರಿದ ಮಾರನೇ ದಿನ 3ಕ್ಕೆ ಇಳಿಯಿತು, ಸ್ಪೈಕ್ ನಿಂತಿತು. ಆಮೇಲೆ ಇದ್ದಿಲು, ಉಪ್ಪು ಹಾಕಿಸಿ ಪಿಟ್ ರಿಪೇರಿ ಮಾಡಿಸಿದೆವು. ಹೊಸ ಲ್ಯಾಂಪ್ ಮಾತ್ರ ಸುಮ್ನೆ ಹೋಯಿತು.

ನ್ಯೂಟ್ರಲ್-ಅರ್ಥ್ ವೋಲ್ಟೇಜು 2-3ರ ಒಳಗೆ ಇರಲಿ. ತಿಂಗಳಿಗೊಮ್ಮೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಅಳೆಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಪಿಟ್‌ಗೆ ನೀರು. ಲ್ಯಾಬಿನ ಅರ್ಥ್ ಅನ್ನು ಲಿಫ್ಟ್, ಕಂಪ್ರೆಸರ್‌ಗಳ ಜೊತೆ ಸೇರಿಸದೆ ಬೇರೆಯಾಗಿ ಹಾಕಿಸಿದರೆ ಇನ್ನೂ ಒಳ್ಳೆಯದು. ಯುಪಿಎಸ್ ಬ್ಯಾಟರಿ ಎಷ್ಟು ನಿಮಿಷ ನಿಲ್ಲುತ್ತದೆ ಅಂತ ವರ್ಷಕ್ಕೆ ಎರಡು ಸಲ ನಿಜವಾಗಿ ಕರೆಂಟ್ ತೆಗೆದು ಪರೀಕ್ಷಿಸಿ. ಅದೂ ಯಂತ್ರ ಖಾಲಿ ಇರುವ ದಿನ ನೋಡಿಕೊಂಡು.

ಎಎಂಸಿ ತಗೊಳ್ಳಲೋ ಸಿಎಂಸಿ ತಗೊಳ್ಳಲೋ?

ಎರಡೂ ವಾರ್ಷಿಕ ಸರ್ವಿಸ್ ಒಪ್ಪಂದಗಳೇ. ಎಎಂಸಿ ಅಂದರೆ ಸಾಮಾನ್ಯವಾಗಿ ಕೂಲಿ ಮತ್ತು ವಿಸಿಟ್ ಮಾತ್ರ, ಸ್ಪೇರಿಗೆ ನೀವೇ ದುಡ್ಡು ಕೊಡಬೇಕು. ಸಿಎಂಸಿಯಲ್ಲಿ ಸ್ಪೇರೂ ಸೇರುತ್ತದೆ. ಆದರೆ ಲ್ಯಾಂಪು, ಸೀಲು, ಕಾಲಂ, ಗಾಜಿನ ಸಾಮಾನು ಇವನ್ನು 'ಕನ್ಸ್ಯೂಮಬಲ್' ಅಂತ ಹೊರಗಿಡುವುದು ರೂಢಿ. ಸಣ್ಣ ಅಕ್ಷರದಲ್ಲಿ ಕೊನೆಯ ಪುಟದಲ್ಲಿರುವ ಆ ಪಟ್ಟಿಯನ್ನು ಮೊದಲು ಓದಿ. ಎಷ್ಟೋ ಸಲ ನಿಮ್ಮಲ್ಲಿ ಪದೇ ಪದೇ ಕೆಡುವುದೆಲ್ಲ ಅದರಲ್ಲೇ ಇರುತ್ತದೆ!

ಲೆಕ್ಕ ಹೀಗೆ ಹಾಕಿ. ಉದಾಹರಣೆಗೆ ಅಷ್ಟೇ: ಸಿಎಂಸಿಗೆ 1,20,000 ಕೇಳಿದ್ದಾರೆ, ಎಎಂಸಿಗೆ 50,000. ಎರಡರ ಮೇಲೂ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿದರೆ 1,41,600 ಮತ್ತು 59,000. ವ್ಯತ್ಯಾಸ 82,600. ಈಗ ಆ ಮೇಜಿನ ಮೇಲೆ ಹರಡಿದ್ದ ರಿಪೋರ್ಟುಗಳಿಗೆ ವಾಪಸ್ ಬನ್ನಿ. ಸಿಎಂಸಿಯಲ್ಲಿ ಸೇರುವಂಥ ಸ್ಪೇರಿಗೆ ವರ್ಷಕ್ಕೆ ಸರಾಸರಿ 82,600ಕ್ಕಿಂತ ಕಡಿಮೆ ಹೋಗಿದ್ದರೆ ಎಎಂಸಿ ಸಾಕು. ಜಾಸ್ತಿ ಹೋಗಿದ್ದರೆ ಸಿಎಂಸಿ.

ಇದಕ್ಕೆ ಒಂದು ತಿದ್ದುಪಡಿ ಇದೆ. ಒಂದೇ ಒಂದು ದೊಡ್ಡ ಪಾರ್ಟು ಹೋದರೆ ನಿಮ್ಮ ಬಜೆಟ್ ಮುಳುಗುತ್ತದೆ ಅನ್ನುವಂಥ ಯಂತ್ರಗಳಿಗೆ, ಅಂದರೆ ಟರ್ಬೊ ಪಂಪ್ ಇರುವ ಮಾಸ್ ಸ್ಪೆಕ್ಟ್ರೋಮೀಟರ್ ಥರದ್ದಕ್ಕೆ, ನಾನು ಸಿಎಂಸಿಯನ್ನೇ ಹೇಳುತ್ತೇನೆ. ಯುವಿ, ಬ್ಯಾಲೆನ್ಸ್, ಪಿಎಚ್ ಮೀಟರ್, ಓವನ್ ಇವಕ್ಕೆ ಸಿಎಂಸಿ ಕೊಡುವುದು ನನ್ನ ಪ್ರಕಾರ ದಂಡ. ಎಲ್ಲ ಯಂತ್ರಕ್ಕೂ ಒಂದೇ ಥರದ ಕಾಂಟ್ರ್ಯಾಕ್ಟ್ ಮಾಡುವ ಲ್ಯಾಬುಗಳು ಜಾಸ್ತಿ, ಫೈಲ್ ಕೆಲಸ ಸುಲಭ ಅನ್ನುವುದು ಬಿಟ್ಟರೆ ಬೇರೆ ಕಾರಣ ನನಗೆ ಕಂಡಿಲ್ಲ.

ಕಾಂಟ್ರ್ಯಾಕ್ಟಿನಲ್ಲಿ ಏನೇನು ಬರೆಸಿಕೊಳ್ಳಬೇಕು?

ಎಷ್ಟು ಪಿಎಂ ವಿಸಿಟ್ (ಕೆಡುವ ಮೊದಲೇ ಬಂದು ಮಾಡುವ ಸರ್ವಿಸ್), ಎಷ್ಟು ಬ್ರೇಕ್‌ಡೌನ್ ವಿಸಿಟ್. ದೂರು ಕೊಟ್ಟ ಎಷ್ಟು ಗಂಟೆಗೆ ಬರಬೇಕು. ಬೀದರ್, ಬಳ್ಳಾರಿ ಕಡೆಯವರು ಕೇಳಿಸಿಕೊಳ್ಳಿ, ಪ್ರಯಾಣ ಮತ್ತು ವಸತಿ ಖರ್ಚು ಸೇರಿದೆಯೋ ಇಲ್ಲವೋ ಅಂತ ಬರೆಸಿ. ಪಿಎಂ ಕಿಟ್ ಯಾರದ್ದು ಅಂತಲೂ ಬರೆಸಿ. ಪಿಎಂ ಮತ್ತು ಕ್ಯಾಲಿಬ್ರೇಶನ್ (ಅಳತೆ ಸರಿಯಿದೆಯಾ ಅಂತ ತಾಳೆ ನೋಡುವುದು) ಒಂದೇ ವಿಸಿಟ್‌ನಲ್ಲಿ ಮುಗಿಸುವಂತೆ ಕೇಳಿ, ಎರಡು ಸಲ ಓಡಾಡುವುದು ತಪ್ಪುತ್ತದೆ. ಒಂದೇ ಕಂಪನಿಯ ನಾಲ್ಕು ಯಂತ್ರ ಇದ್ದರೆ ನಾಲ್ಕರ ಅವಧಿಯೂ ಒಂದೇ ದಿನಕ್ಕೆ ಮುಗಿಯುವ ಹಾಗೆ ಹೊಂದಿಸಿ, ಒಟ್ಟಿಗೆ ಮಾತಾಡಿ. ಬಿಡಿ ಬಿಡಿಯಾಗಿ ಹೋದರೆ ರಿಯಾಯಿತಿ ಸಿಗುವುದಿಲ್ಲ.

ಹೊಸ ಯಂತ್ರ ಕೊಳ್ಳುತ್ತಿದ್ದೀರಾ? ಹಾಗಾದರೆ ವಾರಂಟಿ ಮುಗಿದ ಮೇಲಿನ 5 ವರ್ಷದ ಸಿಎಂಸಿ ದರವನ್ನು ಖರೀದಿ ಆರ್ಡರ್‌ನಲ್ಲೇ ಬರೆಸಿ. ಆರ್ಡರ್ ಕೈಗೆ ಬರುವವರೆಗೆ ಮಾತ್ರ ಅವರು ನಿಮ್ಮ ಮಾತು ಕೇಳುತ್ತಾರೆ.

ಹೊರಗಿನ ಎಂಜಿನಿಯರ್‌ಗಳ ಹತ್ತಿರ ಮಾಡಿಸಬಹುದಾ? ಕಂಪನಿಯವರಿಗಿಂತ ತುಂಬ ಕಡಿಮೆ ಕೇಳುತ್ತಾರೆ.

ಮಾಡಿಸಬಹುದು. ಬೆಂಗಳೂರಿನಲ್ಲಿ ಕಂಪನಿ ಬಿಟ್ಟು ಸ್ವಂತ ಕೆಲಸ ಮಾಡುವ ಒಳ್ಳೆಯ ಎಂಜಿನಿಯರ್‌ಗಳು ಇದ್ದಾರೆ, ಹಳೆಯ ಮಾಡೆಲ್‌ಗಳ ವಿಷಯದಲ್ಲಿ ಕಂಪನಿಯ ಹೊಸ ಹುಡುಗರಿಗಿಂತ ಇವರಿಗೇ ಜಾಸ್ತಿ ಗೊತ್ತಿರುತ್ತದೆ. ಪಂಪು, ಆಟೋಸ್ಯಾಂಪ್ಲರ್, ಜಿಸಿ ಇನ್‌ಲೆಟ್ ಇಂಥ ಮೆಕ್ಯಾನಿಕಲ್ ಕೆಲಸಕ್ಕೆ ಧೈರ್ಯವಾಗಿ ಕರೆಯಿರಿ. ಫರ್ಮ್‌ವೇರ್, ಸರ್ವಿಸ್ ಪಾಸ್‌ವರ್ಡ್, ಸಾಫ್ಟ್‌ವೇರ್ ಲೈಸೆನ್ಸ್ ಬೇಕಾಗುವ ಕಡೆ ಅವರ ಕೈ ಕಟ್ಟಿರುತ್ತದೆ. ವಾರಂಟಿ ಇರುವಾಗ ಬೇಡವೇ ಬೇಡ. ಜಿಎಂಪಿ (ಔಷಧ ತಯಾರಿಕೆಯ ಗುಣಮಟ್ಟ ನಿಯಮ) ಪಾಲಿಸುವ ಲ್ಯಾಬಿನವರು ಅವರ ತರಬೇತಿ ದಾಖಲೆ, ಬಳಸುವ ಅಳತೆ ಸಾಧನಗಳ ಕ್ಯಾಲಿಬ್ರೇಶನ್ ಸರ್ಟಿಫಿಕೇಟು ಮೊದಲೇ ಕೇಳಿ ಇಟ್ಟುಕೊಳ್ಳಿ, ಆಡಿಟರ್ ಕೇಳುವುದು ಅದನ್ನೇ.

ಸ್ಪೇರ್ ವಿಷಯದಲ್ಲೂ ಹೀಗೇ. ಫೆರೂಲ್ (ಪೈಪು ಜೋಡಿಸುವ ಉಂಗುರ), ಟ್ಯೂಬಿಂಗ್, ವಯಲ್, ಸೆಪ್ಟಮ್ (ಸೂಜಿ ಚುಚ್ಚುವ ರಬ್ಬರ್ ಬಿಲ್ಲೆ) ಒಳ್ಳೆಯ ಹೆಸರಿನ ಬೇರೆ ಕಂಪನಿಯದ್ದು ನಡೆಯುತ್ತದೆ. ರೋಟರ್ ಸೀಲ್, ಪ್ಲಂಜರ್ ಮಾತ್ರ ನಾನು ಒರಿಜಿನಲ್ಲೇ ಹಾಕುತ್ತೇನೆ.

ಡ್ಯುಟೀರಿಯಂ ಲ್ಯಾಂಪ್ 2000 ಗಂಟೆ ಆದ ಕೂಡಲೇ ಬದಲಿಸಬೇಕಾ?

ಯುವಿ ಬೆಳಕು ಕೊಡುವ ಲ್ಯಾಂಪ್ ಇದು. 2000 ಗಂಟೆ ಅನ್ನುವುದು ಸಾಮಾನ್ಯ ಲ್ಯಾಂಪಿನ ಅಂದಾಜು ಆಯಸ್ಸು. ಎನರ್ಜಿ ಟೆಸ್ಟ್, ನಾಯ್ಸ್ ಟೆಸ್ಟ್ ಪಾಸಾಗುತ್ತಿದ್ದರೆ, ನಿಮ್ಮ ಎಸ್‌ಒಪಿ (ಲ್ಯಾಬಿನ ಲಿಖಿತ ಕಾರ್ಯವಿಧಾನ) ಒಪ್ಪಿದರೆ, ಇನ್ನೂ ಓಡಿಸಿ. ಊಟಕ್ಕೆ ಹೋಗುವಾಗ ಆರಿಸಿ ಬಂದು ಹಚ್ಚುವವರಿದ್ದಾರೆ, ಅದು ಬೇಡ. ಪ್ರತಿ ಸಲ ಹೊತ್ತಿಸುವಾಗಲೂ ಲ್ಯಾಂಪ್ ಸ್ವಲ್ಪ ಸವೆಯುತ್ತದೆ. ರಾತ್ರಿಯಿಡೀ ಉರಿಯಲು ಬಿಡುವುದೂ ಬೇಡ. ಸೀಕ್ವೆನ್ಸ್ ಕೊನೆಗೆ ಲ್ಯಾಂಪ್ ಆಫ್ ಆಗುವ ಮೆಥಡ್ ಸೇರಿಸಿ. ಹೊಸ ಲ್ಯಾಂಪ್ ಹಾಕುವಾಗ ಬರಿಗೈಯಲ್ಲಿ ಗಾಜು ಮುಟ್ಟಬೇಡಿ, ಬೆರಳಿನ ಎಣ್ಣೆ ಸುಟ್ಟು ಕಲೆಯಾಗಿ ಕೂರುತ್ತದೆ.

ಸ್ಟೋರಿನಲ್ಲಿ ಒಂದು ಸ್ಪೇರ್ ಲ್ಯಾಂಪ್ ಸಾಕು. ಮಾರ್ಚ್ ಕೊನೆಗೆ ಬಜೆಟ್ ಉಳಿಯಿತು ಅಂತ ಐದು ತರಿಸಿಡಬೇಡಿ, ಇಟ್ಟಲ್ಲೇ ಗ್ಯಾರಂಟಿ ಮುಗಿಯುತ್ತದೆ.

ಜಿಸಿಗೆ ಗ್ಯಾಸ್ ಖರ್ಚೇ ಜಾಸ್ತಿ ಆಗಿದೆ. ಏನು ಮಾಡೋಣ?

ಲೀಕು ಹುಡುಕಿ. ಸಂಜೆ ಎಲ್ಲ ಮುಚ್ಚಿ ಸಿಲಿಂಡರ್ ಗೇಜ್ ಓದಿ ಬರೆದಿಡಿ, ಬೆಳಿಗ್ಗೆ ಮತ್ತೆ ನೋಡಿ. ಇಳಿದಿದ್ದರೆ ರಾತ್ರಿಯಿಡೀ ದುಡ್ಡು ಹಾರಿದೆ ಅಂತ ಅರ್ಥ. ಯಂತ್ರದ ಒಳಗಿನ ಜಾಯಿಂಟುಗಳಿಗೆ ಸೋಪ್ ನೀರು ಹಾಕಬೇಡಿ, ಅದು ಒಳಗೆ ಹೋಗಿ ಇನ್ನೊಂದು ತಲೆನೋವು ತರುತ್ತದೆ. ಎಲೆಕ್ಟ್ರಾನಿಕ್ ಲೀಕ್ ಡಿಟೆಕ್ಟರ್ ಕೊಳ್ಳಲು ಆಗದಿದ್ದರೆ ಪಕ್ಕದ ಲ್ಯಾಬಿನಿಂದ ಒಂದು ದಿನಕ್ಕೆ ಕೇಳಿ ತನ್ನಿ.

ಹೀಲಿಯಂ ದುಬಾರಿ. ಎಫ್‌ಐಡಿ (ಜ್ವಾಲೆಯ ಡಿಟೆಕ್ಟರ್) ಇರುವ ಮಾಮೂಲಿ ಕೆಲಸಕ್ಕೆ ನೈಟ್ರೋಜನ್‌ನಲ್ಲಿ ಆಗುತ್ತದಾ ನೋಡಿ, ರನ್ ಉದ್ದ ಆಗುತ್ತದೆ ಅಷ್ಟೇ. ಯಾವುದನ್ನು ಬಳಸಿದರೂ 99.999 ಶುದ್ಧತೆ ಇರಲಿ, ತೇವ ಮತ್ತು ಆಕ್ಸಿಜನ್ ಟ್ರ್ಯಾಪ್ ಬಿಡಬೇಡಿ. ಅಗ್ಗದ ಗ್ಯಾಸ್ ಹಾಕಿ ಉಳಿಸಿದ್ದು ಕಾಲಂ ಬದಲಿಸುವಾಗ ಪೂರ್ತಿ ಹೋಗುತ್ತದೆ. ಓವನ್ ಬಿಸಿ ಇರುವಾಗ ಕ್ಯಾರಿಯರ್ ಗ್ಯಾಸ್ (ಸ್ಯಾಂಪಲ್ಲನ್ನು ಹೊತ್ತೊಯ್ಯುವ ಗ್ಯಾಸ್) ಮುಚ್ಚಬೇಡಿ, 50 ಡಿಗ್ರಿಗಿಂತ ಕೆಳಗೆ ಇಳಿಯಲಿ. ಸೆಪ್ಟಮ್‌ಗೆ ಎಷ್ಟು ಇಂಜೆಕ್ಷನ್ ಆಯಿತು ಅಂತ ಎಣಿಕೆ ಇಡಿ, ಉದುರಿದ ರಬ್ಬರ್ ಚೂರು ಲೈನರ್‌ನಲ್ಲಿ (ಒಳಗಿನ ಗಾಜಿನ ಕೊಳವೆಯಲ್ಲಿ) ಕೂತು ಗೋಸ್ಟ್ ಪೀಕ್, ಅಂದರೆ ಸ್ಯಾಂಪಲ್‌ನಲ್ಲಿ ಇಲ್ಲದ ಪೀಕ್ ಬರಿಸುತ್ತದೆ.

ಎಎಎಸ್‌ನವರು ಅಸಿಟಿಲೀನ್ ಸಿಲಿಂಡರನ್ನು ಪೂರ್ತಿ ಖಾಲಿ ಮಾಡಬೇಡಿ. ಒತ್ತಡ ಚದರ ಸೆಂಟಿಮೀಟರಿಗೆ 7 ಕೆಜಿಗೆ ಇಳಿದಾಗ ಬದಲಿಸಿ. ಅದರೊಳಗೆ ಗ್ಯಾಸ್ ಇರುವುದು ಅಸಿಟೋನಿನಲ್ಲಿ ಕರಗಿಕೊಂಡು. ತಳಕ್ಕೆ ಬಂದಾಗ ಆ ಅಸಿಟೋನ್ ಎದ್ದು ಬಂದು ಪೈಪು, ರೆಗ್ಯುಲೇಟರ್ ಕೆಡಿಸುತ್ತದೆ.

ಮಲೆನಾಡಿನ ಕಾಲೇಜು ನಮ್ಮದು. ಮಳೆಗಾಲ ಬಂದರೆ ಎಫ್‌ಟಿಐಆರ್ ಕೈಕೊಡುತ್ತದೆ.

ಅದರೊಳಗೆ ಬೆಳಕನ್ನು ಎರಡಾಗಿ ಒಡೆಯುವ ಬೀಮ್ ಸ್ಪ್ಲಿಟರ್ ಸಾಮಾನ್ಯವಾಗಿ ಪೊಟ್ಯಾಶಿಯಂ ಬ್ರೋಮೈಡ್‌ನದ್ದು, ಅಂದರೆ ಉಪ್ಪು. ಜುಲೈನಲ್ಲಿ ಅಡುಗೆಮನೆ ಉಪ್ಪಿನ ಡಬ್ಬಿ ಏನಾಗುತ್ತದೋ ಇದಕ್ಕೂ ಅದೇ ಗತಿ. ಮಂಜಾದರೆ ಬದಲಿಸುವುದೇ ದಾರಿ, ಅದು ಕೈ ಸುಡುವ ಪಾರ್ಟು. ಯಂತ್ರವನ್ನು ಮಳೆಗಾಲದಲ್ಲಿ ಆಫ್ ಮಾಡಬೇಡಿ. ಒಳಗಿನ ಸಣ್ಣ ಬಿಸಿಯೇ ತೇವವನ್ನು ದೂರ ಇಡುತ್ತದೆ. ರಜೆಯಲ್ಲಿ ಕರೆಂಟು ಉಳಿಸಲು ಮೇನ್ ಸ್ವಿಚ್ ಎಳೆದು ಹೋಗುವ ಅಟೆಂಡರ್‌ಗೆ ಇದನ್ನು ಪ್ರೀತಿಯಿಂದ ವಿವರಿಸಿ. ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿ ಆದರೆ ಓವನ್‌ನಲ್ಲಿ 110 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟು ಮತ್ತೆ ನೀಲಿ ಮಾಡಿ, ಹೊಸದು ಬೇಕಿಲ್ಲ. ಹಾಗೆಯೇ ಯಂತ್ರದ ಹಿಂದೆ ಕೇಬಲ್ ಹೋಗುವ ಕಿಂಡಿಗಳನ್ನು ಮುಚ್ಚಿ, ಬೆಚ್ಚಗಿನ ಜಾಗ ಅಂತ ಇರುವೆ, ಹಲ್ಲಿ ಎಲ್ಲ ಅಲ್ಲೇ ಸಂಸಾರ ಹೂಡುತ್ತವೆ.

ಪಿಎಚ್ ಎಲೆಕ್ಟ್ರೋಡ್ ಆರು ತಿಂಗಳೂ ಬಾಳುತ್ತಿಲ್ಲ.

ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ಇಡುತ್ತಿದ್ದೀರಿ. ಅಲ್ವಾ? 3 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡ್‌ನಲ್ಲಿ ಇಡಿ. ಟಿಶ್ಯೂನಿಂದ ಉಜ್ಜಬೇಡಿ, ಒತ್ತಿ ತೆಗೆಯಿರಿ.

ಕ್ಯಾಲಿಬ್ರೇಶನ್ ವರ್ಷಕ್ಕೊಮ್ಮೆ ಮಾಡಿಸಲೇಬೇಕು ಅಂತ ರೂಲ್ ಇದೆಯಾ?

ಎನ್‌ಎಬಿಎಲ್ ಸಂಸ್ಥೆ ಲ್ಯಾಬುಗಳಿಗೆ ಕೊಡುವ ಮಾನ್ಯತೆಗೆ ಆಧಾರವಾದ ಐಎಸ್‌ಒ/ಐಇಸಿ 17025:2017 ಮಾನದಂಡ ಹೀಗೆ ಒಂದು ವರ್ಷ ಅಂತ ಗೆರೆ ಎಳೆದಿಲ್ಲ. ಕ್ಯಾಲಿಬ್ರೇಶನ್ ಕಾರ್ಯಕ್ರಮ ಲ್ಯಾಬೇ ಮಾಡಿಕೊಳ್ಳಬೇಕು, ಪರಿಶೀಲಿಸಿ ಹೊಂದಿಸಬೇಕು ಅನ್ನುತ್ತದೆ. ಅಂತರ ಹೇಗೆ ನಿರ್ಧರಿಸಬೇಕು ಅನ್ನುವುದಕ್ಕೆ ಮಾನ್ಯತೆ ಕೊಡುವ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ ಐಲ್ಯಾಕ್ ಹೊರತಂದ ಜಿ24 ಮಾರ್ಗದರ್ಶಿ ಇದೆ. ನಿಮ್ಮ ಬ್ಯಾಲೆನ್ಸ್ ಮೂರು ವರ್ಷದಿಂದ ಅಲುಗಾಡಿಲ್ಲ ಅಂತ ದಿನದ ಚೆಕ್ ತೂಕದ ದಾಖಲೆ ತೋರಿಸಿದರೆ ಅಂತರ ಹೆಚ್ಚಿಸಲು ಆಧಾರ ಸಿಗುತ್ತದೆ. ದಾಖಲೆ ಇಲ್ಲದೆ ಬಾಯಿಮಾತಲ್ಲಿ ಹೇಳಿದರೆ ಅಸೆಸರ್ ಒಪ್ಪುವುದಿಲ್ಲ, ಒಪ್ಪಲೂಬಾರದು. ಫಾರ್ಮಾದವರು ತಮ್ಮ ಎಸ್‌ಒಪಿ, ಗ್ರಾಹಕರ ಒಪ್ಪಂದ ನೋಡಿಕೊಂಡೇ ಕೈ ಹಾಕಿ.

ನಮಗೆ ವರ್ಷಕ್ಕೆ ಇಪ್ಪತ್ತು ಸ್ಯಾಂಪಲ್ ಕೂಡ ಬರುವುದಿಲ್ಲ. ಆದರೂ ಯಂತ್ರ ಇಟ್ಟುಕೊಳ್ಳಬೇಕಾ?

ಬೇಡ ಅಂತಲೇ ನನ್ನ ಅಭಿಪ್ರಾಯ. ನಿಂತ ಯಂತ್ರ ಓಡುವ ಯಂತ್ರಕ್ಕಿಂತ ಬೇಗ ಕೆಡುತ್ತದೆ, ಸ್ಕೂಟರ್ ಥರ. ಕೇಂದ್ರ ಸರ್ಕಾರದ ಐ-ಸ್ಟೆಮ್ ಪೋರ್ಟಲ್ ಇದೆ, 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್‌ನಲ್ಲಿ ಶುರುವಾದದ್ದು. ದೇಶದ ಯಾವ ಸಂಸ್ಥೆಯಲ್ಲಿ ಯಾವ ಯಂತ್ರ ಇದೆ ಅಂತ ಅದರಲ್ಲಿ ಹುಡುಕಿ ಬುಕ್ ಮಾಡಬಹುದು. ಉತ್ತರ ಕರ್ನಾಟಕದವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಶುಲ್ಕ ಪಡೆದು ಹೊರಗಿನವರ ಸ್ಯಾಂಪಲ್ಲನ್ನೂ ಪರೀಕ್ಷಿಸುವ ಸೈಫ್ ಕೇಂದ್ರ ಇದೆ. ಇಪ್ಪತ್ತು ಸ್ಯಾಂಪಲ್‌ಗೆ ಅಲ್ಲಿ ಕೊಡುವ ಶುಲ್ಕವನ್ನು ನಿಮ್ಮ ಒಂದು ವರ್ಷದ ಎಎಂಸಿ ಜೊತೆ ಹೋಲಿಸಿ ನೋಡಿ.

ಯಂತ್ರ ಚೆನ್ನಾಗಿದೆ, ಕಂಪ್ಯೂಟರ್ ಹಳೆಯದು. ಏನಾದರೂ ಮಾಡಬೇಕಾ?

ಇವತ್ತೇ ಹಾರ್ಡ್ ಡಿಸ್ಕ್ ಪೂರ್ತಿ ಕ್ಲೋನ್ ಮಾಡಿಸಿ ಬೀರುವಿನಲ್ಲಿಡಿ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿಯಲ್ಲೇ ನಿಂತಿದೆ, ಆದರೂ ಎಷ್ಟೋ ಯಂತ್ರದ ಸಾಫ್ಟ್‌ವೇರ್ ಅದರಲ್ಲೇ ಓಡುತ್ತಿದೆ. ಡಿಸ್ಕ್ ಹೋದರೆ ಹೊಸ ಸಾಫ್ಟ್‌ವೇರ್, ಅದಕ್ಕೆ ಹೊಸ ಕಂಪ್ಯೂಟರ್, ಅದಕ್ಕೆ ಹೊಂದುವ ಹೊಸ ಬೋರ್ಡ್ ಅಂತ ಸರಪಳಿ ಶುರುವಾಗುತ್ತದೆ. ಇಂಥ ಕಂಪ್ಯೂಟರನ್ನು ಇಂಟರ್ನೆಟ್‌ಗೆ ಸೇರಿಸಬೇಡಿ, ಯಾರ ಪೆನ್ ಡ್ರೈವೂ ಚುಚ್ಚಬೇಡಿ.

ಯಂತ್ರ ನಿಂತಿದೆ. ಎಂಜಿನಿಯರ್‌ಗೆ ಫೋನ್ ಮಾಡುವ ಮೊದಲು ಏನು ನೋಡಲಿ?

ಎರರ್ ಮೆಸೇಜ್ ಪೂರ್ತಿ ಕಾಣುವ ಫೋಟೊ, ಸೀರಿಯಲ್ ನಂಬರ್, ಕೆಡುವ ಮುಂಚಿನ ಪ್ರೆಷರ್ ಮತ್ತು ಈಗಿನದು, ಕೊನೆಯ ಸಲ ಏನು ಬದಲಿಸಿದ್ದಿರಿ. ಇಷ್ಟನ್ನು ವಾಟ್ಸ್ಯಾಪ್‌ನಲ್ಲಿ ಕಳಿಸಿ ಆಮೇಲೆ ಮಾತಾಡಿ. ಎಷ್ಟೋ ಸಲ ಫೋನಿನಲ್ಲೇ ಬಗೆಹರಿಯುತ್ತದೆ. ಬರಲೇಬೇಕಾದರೂ ಸರಿಯಾದ ಪಾರ್ಟ್ ಕೈಯಲ್ಲಿ ಹಿಡಿದು ಬರುತ್ತಾರೆ, ನೋಡಿ ಹೋಗಲು ಒಂದು ವಿಸಿಟ್, ಹಾಕಲು ಇನ್ನೊಂದು ಅಂತ ಆಗುವುದಿಲ್ಲ. ಹಾಂ, ಪ್ಲಗ್ ಸಡಿಲವಾಗಿದೆಯಾ ನೋಡಿ. ವೇಸ್ಟ್ ಬಾಟಲಿ ತುಂಬಿ ಹರಿದು ಲೀಕ್ ಸೆನ್ಸರ್ ಒದ್ದೆಯಾಗಿದೆಯಾ ಅಂತಲೂ ನೋಡಿ. ಆಗಿದ್ದರೆ ಟಿಶ್ಯೂನಿಂದ ಒರೆಸಿ, ರೀಸೆಟ್ ಒತ್ತಿ.